ವಿದೇಶಿ ಪಾಸ್‌ಪೋರ್ಟ್ ಇದ್ದವರು ಇಲ್ಲಿ ಚುನಾವಣೆಗೆ ನಿಲ್ಲಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ವಕೀಲಿಕೆ ಮಾಡುವ ನನಗೆ ಟೀ ಅಂಗಡಿಯಲ್ಲಿ ಕೇಸಿಗಿಂತ ಪಾಸ್‌ಪೋರ್ಟ್ ಪ್ರಶ್ನೆಗಳೇ ಜಾಸ್ತಿ ಎದುರಾಗುತ್ತವೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ಯಾವ ಬೀದಿಗೆ ಹೋದರೂ ಬೆಂಗಳೂರಿನ ಕಂಪನಿಯಿಂದ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದ ಒಬ್ಬ ಮಗನೋ ಮಗಳೋ ಇದ್ದೇ ಇರುತ್ತಾರೆ. ಚುನಾವಣೆ ಹತ್ತಿರ ಬಂದರೆ, ಇಲ್ಲವೇ ಜಮೀನು ಭಾಗದ ಮಾತು ಎದ್ದರೆ, ಪ್ರಶ್ನೆ ಶುರುವಾಗುತ್ತದೆ. ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಒಂದು ಸಲ ಬರೆದೇ ಇಡೋಣ ಅಂದುಕೊಂಡೆ.

ಭಾರತದ ಪೌರತ್ವ, ಅಮೆರಿಕದ ಪೌರತ್ವ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದಾ?

ಆಗುವುದಿಲ್ಲ. ಸಂವಿಧಾನ ಜಾರಿಗೆ ಬರುವ ಮುಂಚೆ ಹೊರದೇಶದ ಪೌರತ್ವ ಪಡೆದವರಿಗೆ ಸಂವಿಧಾನದ 9ನೇ ವಿಧಿ, ಆಮೇಲೆ ಪಡೆದವರಿಗೆ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ಎರಡೂ ಕಡೆ ಒಂಬತ್ತೇ, ನೆನಪಿಟ್ಟುಕೊಳ್ಳಲು ಸುಲಭ. ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಆ ಕ್ಷಣದಿಂದಲೇ ಭಾರತದ ಪ್ರಜೆ ಅಲ್ಲ. ಯಾರೂ ಆದೇಶ ಹೊರಡಿಸಬೇಕಿಲ್ಲ, ನೋಟಿಸ್ ಕೊಡಬೇಕಿಲ್ಲ.

"ತಾನಾಗಿ" ಅನ್ನುವ ಮಾತಿನ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ. ಮುಂದಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಉತ್ತರ ಅದರೊಳಗೇ ಇದೆ.

2022ರಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರು ಎಂದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಹಾಗಾಗಿ ಇದು ನಿಮ್ಮ ಮನೆಯ ಒಬ್ಬರದೇ ಕಥೆ ಅಂತ ಮುಜುಗರ ಪಡಬೇಡಿ.

ನನ್ನ ಮಗನ ಹತ್ತಿರ ಓಸಿಐ ಕಾರ್ಡ್ ಇದೆ. ಅದರಲ್ಲಿ "ಸಿಟಿಜನ್" ಅಂತಲೇ ಬರೆದಿದೆಯಲ್ಲ ಸಾರ್?

ಅತಿ ಹೆಚ್ಚು ಗೊಂದಲ ಮಾಡಿರುವುದು ಆ ಹೆಸರೇ. ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಅಂತ ಹೆಸರಿಟ್ಟಿದ್ದಾರೆ, ಆದರೆ ಅದು ಪೌರತ್ವ ಅಲ್ಲ. ಜೀವನಪೂರ್ತಿ ವೀಸಾ ಅಂದುಕೊಳ್ಳಿ. 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಈ ಕಾರ್ಡ್ ಕೊಡಲು ಶುರು ಮಾಡಿದರು. ಭಾರತ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡನ್ನೂ 2015ರಲ್ಲಿ ಇದರೊಳಗೆ ಸೇರಿಸಿದರು.

ಕಾರ್ಡ್ ಇದ್ದವರು ಯಾವಾಗ ಬೇಕಾದರೂ ಬರಬಹುದು, ಇರಬಹುದು, ಕೆಲಸ ಮಾಡಬಹುದು, ಸೈಟು ಮನೆ ತಗೋಬಹುದು. ಆದರೆ ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ಏನೇನು ಇಲ್ಲ ಅಂತಲೂ ಬರೆದಿದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ ಆಗುವಂತಿಲ್ಲ. ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿ ಆಗುವಂತಿಲ್ಲ. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಯಾವುದಕ್ಕೂ ಹೋಗುವಂತಿಲ್ಲ. ಸರ್ಕಾರಿ ಹುದ್ದೆಯಲ್ಲಿ ಸಮಾನ ಅವಕಾಶದ ಹಕ್ಕು ಇಲ್ಲ. ಮತದಾರರ ಪಟ್ಟಿಯಲ್ಲೂ ಹೆಸರು ಇರುವಂತಿಲ್ಲ.

ಹಾಗಾದರೆ ಗ್ರೀನ್ ಕಾರ್ಡ್?

ಅದು ಅಲ್ಲಿ ಕಾಯಂ ಆಗಿ ಇರಲು ಕೊಟ್ಟ ಅನುಮತಿ. ಪಾಸ್‌ಪೋರ್ಟ್ ಭಾರತದ್ದೇ ಇದ್ದರೆ ಆತ ಭಾರತದ ಪ್ರಜೆ, ಅಷ್ಟೆ. ಎನ್‌ಆರ್‌ಐ ಅನ್ನುವುದೂ ವಾಸದ ಲೆಕ್ಕ. ಪೌರತ್ವದ ಲೆಕ್ಕವೇ ಬೇರೆ. ಊರಲ್ಲಿ ಮೂರನ್ನೂ ಸೇರಿಸಿ "ಫಾರಿನ್ ಪಾರ್ಟಿ" ಅಂದುಬಿಡುತ್ತಾರೆ, ಅಲ್ಲೇ ಎಡವಟ್ಟು.

ದುಬೈನಲ್ಲಿ ಕೆಲಸ ಮಾಡುವ ನನ್ನ ತಮ್ಮ ಎಂಎಲ್‌ಎ ಚುನಾವಣೆಗೆ ನಿಲ್ಲಬಹುದಾ?

ಪಾಸ್‌ಪೋರ್ಟ್ ಭಾರತದ್ದಾದರೆ ನಿಲ್ಲಬಹುದು. 25 ವರ್ಷ ತುಂಬಿರಬೇಕು, ಕರ್ನಾಟಕದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಿದೇಶದಲ್ಲಿರುವ ಭಾರತೀಯರು ಫಾರ್ಮ್ 6ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸಿಕೊಳ್ಳಲು 2011ರಿಂದ ಅವಕಾಶ ಇದೆ. ವೋಟು ಹಾಕಲು ಮಾತ್ರ ವಿಮಾನ ಹತ್ತಿ ಬಂದು, ಅಸಲಿ ಪಾಸ್‌ಪೋರ್ಟ್ ತೋರಿಸಿ, ಬೂತಿನಲ್ಲೇ ಹಾಕಬೇಕು.

ಲೋಕಸಭೆಗೆ ದೇಶದ ಯಾವ ಕ್ಷೇತ್ರದ ಮತದಾರನಾದರೂ ಸಾಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಹೊರಗಿನವರು ಬಂದು ನಿಂತಿದ್ದನ್ನು ನಾವು ನೋಡಿಲ್ಲವಾ? ದೇವೇಗೌಡರು ಹಾಸನದವರಾಗಿ 2019ರಲ್ಲಿ ತುಮಕೂರಿನಿಂದ ನಿಂತರು. "ಹೊರಗಿನವರು" ಅನ್ನುವುದು ಭಾಷಣಕ್ಕೆ ಆಗುವ ಮಾತು. ಕಾನೂನಿಗೆ ಹೊರಗಿನವನು ಅಂದರೆ ಪ್ರಜೆ ಅಲ್ಲದವನು ಮಾತ್ರ.

ಅಮೆರಿಕದ ಸಿಟಿಜನ್ ಆದ ಮೇಲೂ ನಮ್ಮ ಹುಡುಗನ ಹೆಸರು ಊರಿನ ವೋಟರ್ ಲಿಸ್ಟ್‌ನಲ್ಲಿದೆ. ಗ್ರಾಮ ಪಂಚಾಯಿತಿಗೆ ನಿಲ್ಲಿಸೋಣವಾ?

ಬೇಡ. ದಯವಿಟ್ಟು ಬೇಡ. ಲಿಸ್ಟ್‌ನಲ್ಲಿ ಹೆಸರಿದೆ ಅಂದರೆ ಯಾರೂ ತೆಗೆದಿಲ್ಲ ಅಂತ ಅರ್ಥ, ಹಕ್ಕಿದೆ ಅಂತ ಅಲ್ಲ. ಪ್ರಜೆ ಅಲ್ಲದವನು ಮತದಾರರ ಪಟ್ಟಿಗೆ ಅನರ್ಹ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಅನರ್ಹನಾದವನು ವೋಟು ಹಾಕುವುದೂ ತಪ್ಪು. ಪಟ್ಟಿಗೆ ಸೇರಿಸಲು ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಪಂಚಾಯಿತಿ ಚಿಕ್ಕದು, ಯಾರು ಕೇಳುತ್ತಾರೆ ಅಂದುಕೊಳ್ಳುತ್ತೀರಿ. ಚಿಕ್ಕದಾದ್ದರಿಂದಲೇ ಕೇಳುತ್ತಾರೆ. ಎದುರು ನಿಂತವನಿಗೆ ನಿಮ್ಮ ಮಗನ ಪಾಸ್‌ಪೋರ್ಟಿನ ಬಣ್ಣ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಶಾಸಕನಾಗಲು ಇರುವ ಅನರ್ಹತೆಗಳು ಪಂಚಾಯಿತಿ ಸದಸ್ಯನಿಗೂ ಅಂಟುತ್ತವೆ. ವಯಸ್ಸಿಗೆ ಮಾತ್ರ ವಿನಾಯಿತಿ, 21 ಸಾಕು.

ಎಂಪಿ, ಎಂಎಲ್‌ಎಗೆ ಸಂವಿಧಾನ ನಿಖರವಾಗಿ ಏನು ಹೇಳುತ್ತದೆ?

ಸಂಸತ್ತಿಗೆ 102ನೇ ವಿಧಿ, ರಾಜ್ಯದ ಶಾಸನ ಸಭೆಗೆ 191ನೇ ವಿಧಿ. ಪೌರತ್ವದ ವಿಷಯದಲ್ಲಿ ಮೂರು ಕಾರಣ ಕೊಟ್ಟಿದ್ದಾರೆ. ಭಾರತದ ಪ್ರಜೆ ಅಲ್ಲದಿದ್ದರೆ. ತಾನಾಗಿ ವಿದೇಶಿ ಪೌರತ್ವ ಪಡೆದಿದ್ದರೆ. ಇನ್ನೊಂದು ದೇಶಕ್ಕೆ ನಿಷ್ಠೆಯನ್ನು ಒಪ್ಪಿಕೊಂಡಿದ್ದರೆ. ನಿಷ್ಠೆ ಅಂದರೆ ಮನಸ್ಸಿನೊಳಗಿನ ಪ್ರೀತಿ ಅಲ್ಲ. ಕ್ರಿಕೆಟ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಚಪ್ಪಾಳೆ ತಟ್ಟಿದರೆ ಯಾರೂ ಅನರ್ಹರಾಗುವುದಿಲ್ಲ.

ರಾಷ್ಟ್ರಪತಿಗೆ 58ನೇ ವಿಧಿ, ಉಪರಾಷ್ಟ್ರಪತಿಗೆ 66, ರಾಜ್ಯಪಾಲರಿಗೆ 157. ಮೂರಕ್ಕೂ ಪೌರತ್ವ ಬೇಕು, 35 ವರ್ಷ ತುಂಬಿರಬೇಕು. ಪ್ರಧಾನಿ, ಮುಖ್ಯಮಂತ್ರಿಗೆ ಪ್ರತ್ಯೇಕ ಅರ್ಹತೆ ಬರೆದಿಲ್ಲ, ಸದನದ ಸದಸ್ಯರಾಗಲು ಬೇಕಾದ ಅರ್ಹತೆಯೇ ಅವರಿಗೂ.

ಮಂತ್ರಿಯಾದ ಮೊದಲ ಆರು ತಿಂಗಳು ಸದನದ ಸದಸ್ಯರಾಗಿರಬೇಕಿಲ್ಲವಲ್ಲ. ಆ ದಾರಿಯಲ್ಲಿ ವಿದೇಶಿ ಪ್ರಜೆಯನ್ನು ಮಂತ್ರಿ ಮಾಡಬಹುದಾ?

ಇದನ್ನು ಕೇಳಿದ್ದು ಚಿಂತಾಮಣಿಯ ಒಬ್ಬ ಮೇಷ್ಟ್ರು. ಒಳ್ಳೆಯ ತಲೆ. ಆದರೆ ಆ ಕಿಂಡಿಯನ್ನು ಸುಪ್ರೀಂ ಕೋರ್ಟ್ 2001ರಲ್ಲೇ ಮುಚ್ಚಿದೆ. ತಮಿಳುನಾಡಿನಲ್ಲಿ ಜಯಲಲಿತಾ ಅವರನ್ನು ಮುಖ್ಯಮಂತ್ರಿ ಮಾಡಿದ್ದರ ವಿರುದ್ಧದ ಕೇಸಿನಲ್ಲಿ, ಸದಸ್ಯರಲ್ಲದೆ ಮಂತ್ರಿಯಾಗುವವರಿಗೂ ಸದಸ್ಯರಾಗುವ ಅರ್ಹತೆ ಇರಲೇಬೇಕು ಎಂದಿತು. ಅಲ್ಲಿ ವಿಷಯ ಪೌರತ್ವದ್ದಲ್ಲ, ಶಿಕ್ಷೆಯಿಂದ ಬಂದ ಅನರ್ಹತೆಯದು. ತತ್ವ ಮಾತ್ರ ಎರಡಕ್ಕೂ ಒಂದೇ.

ವಿದೇಶದಲ್ಲಿ ಹುಟ್ಟಿದವರು ಭಾರತದ ಪ್ರಧಾನಿ ಆಗಬಹುದಾ?

ಪ್ರಜೆಯಾಗಿದ್ದರೆ ಆಗಬಹುದು. ಇಲ್ಲೇ ಹುಟ್ಟಿರಬೇಕು ಅಂತ ನಮ್ಮ ಸಂವಿಧಾನ ಎಲ್ಲೂ ಕೇಳುವುದಿಲ್ಲ. ನೋಂದಣಿಯಿಂದ ಪ್ರಜೆಯಾದವರಿಗೂ ಹುಟ್ಟಿನಿಂದ ಪ್ರಜೆಯಾದವರಿಗೂ ಹುದ್ದೆಯ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಇದು ಕಾವೇರಿದ್ದು ಸೋನಿಯಾ ಗಾಂಧಿಯವರ ವಿಷಯದಲ್ಲಿ. ಹುಟ್ಟಿದ್ದು ಇಟಲಿಯಲ್ಲಿ, ಭಾರತದ ಪ್ರಜೆಯಾಗಿ ನೋಂದಣಿ ಆಗಿದ್ದು 1983ರಲ್ಲಿ. 1999ರಲ್ಲಿ ಇದೇ ವಿಷಯಕ್ಕೆ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಕಾಂಗ್ರೆಸ್‌ನಿಂದ ಹೊರಹಾಕಿಸಿಕೊಂಡು ಎನ್‌ಸಿಪಿ ಕಟ್ಟಿದರು. ಸೋನಿಯಾ ಅವರ ಆಯ್ಕೆ ಪ್ರಶ್ನಿಸಿದ್ದ ಚುನಾವಣಾ ಅರ್ಜಿಗಳು 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. 2004ರಲ್ಲಿ ಅವರು ಪ್ರಧಾನಿ ಹುದ್ದೆ ಬೇಡ ಅಂದರು, ಆದರೆ ಅದು ರಾಜಕೀಯ ತೀರ್ಮಾನ. ಕಾನೂನು ಅಡ್ಡ ಬಂದಿರಲಿಲ್ಲ. ಇದು ಸರಿಯಾ ತಪ್ಪಾ ಅಂತ ಟೀ ಅಂಗಡಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಜಗಳ ಆಡಿ, ನಾನೂ ಆಡುತ್ತೇನೆ. ಕಾನೂನು ಏನಿದೆ ಅನ್ನುವುದರಲ್ಲಿ ಮಾತ್ರ ಜಗಳಕ್ಕೆ ಜಾಗ ಇಲ್ಲ.

ನಮ್ಮ ಶಿಡ್ಲಘಟ್ಟದ ಅಳಿಯ ಇಂಗ್ಲೆಂಡಿನ ಪ್ರಧಾನಿ ಆದದ್ದು ಹೇಗೆ ಮತ್ತೆ?

ಈ ಪ್ರಶ್ನೆ ಬಂದಾಗ ಕೇಳುವವರ ಎದೆ ಎರಡಿಂಚು ಉಬ್ಬಿರುತ್ತದೆ. ಇನ್ಫೋಸಿಸ್ ನಾರಾಯಣಮೂರ್ತಿಯವರು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ಅವರ ಮಗಳು ಅಕ್ಷತಾ ಅವರ ಗಂಡ ರಿಷಿ ಸುನಕ್. ಲೆಕ್ಕ ಸರಿಯಾಗಿದೆ, ಅಳಿಯನೇ. ಆದರೆ ಸುನಕ್ ಎರಡು ದೇಶದ ಕಥೆ ಅಲ್ಲ. 1980ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲೇ ಹುಟ್ಟಿದ ಬ್ರಿಟಿಷ್ ಪ್ರಜೆ. 2022ರ ಅಕ್ಟೋಬರ್‌ನಲ್ಲಿ ಪ್ರಧಾನಿ ಆದರು. ಅವರಿಗೆ ತಲೆನೋವಾಗಿದ್ದು ಅಮೆರಿಕದ ಗ್ರೀನ್ ಕಾರ್ಡ್. ಹಣಕಾಸು ಮಂತ್ರಿಯಾದ ಮೇಲೂ ಇಟ್ಟುಕೊಂಡಿದ್ದರು, 2021ರಲ್ಲಿ ವಾಪಸ್ ಕೊಟ್ಟರು.

ಪೌರತ್ವದ ನಿಜವಾದ ಕಥೆ ಇರುವುದು ಅಕ್ಷತಾ ಅವರ ಕಡೆ. 2022ರಲ್ಲಿ, ಹೊರದೇಶದ ಆದಾಯಕ್ಕೆ ಅವರು ಬ್ರಿಟನ್‌ನಲ್ಲಿ ತೆರಿಗೆ ಕಟ್ಟುತ್ತಿಲ್ಲ ಅಂತ ಗಲಾಟೆ ಎದ್ದಿತು. ಅವರ ಕಡೆಯವರು ಕೊಟ್ಟ ಉತ್ತರದಲ್ಲಿ ಒಂದು ಮಾತು ಹೀಗಿತ್ತು: ಅವರು ಭಾರತದ ಪ್ರಜೆ, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಮಾತು ನಿಜ. ಆದರೆ ತೆರಿಗೆ ಪೌರತ್ವದ ಮೇಲೆ ನಿಂತಿಲ್ಲವಲ್ಲ ಅಂತ ಅಲ್ಲಿನ ತೆರಿಗೆ ಬಲ್ಲವರು ತಿರುಗಿ ಕೇಳಿದರು. ಕೊನೆಗೆ ಎಲ್ಲ ಆದಾಯಕ್ಕೂ ಅಲ್ಲೇ ತೆರಿಗೆ ಕಟ್ಟುತ್ತೇನೆ ಅಂತ ಅಕ್ಷತಾ ಅವರೇ ಹೇಳಿದರು.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಕಾಮನ್‌ವೆಲ್ತ್ ದೇಶದ ಪ್ರಜೆ, ಅಂದರೆ ಭಾರತದ ಪಾಸ್‌ಪೋರ್ಟ್ ಇದ್ದವರೂ, ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಅಲ್ಲಿ ವೋಟು ಹಾಕಬಹುದು. ಕಾಯಂ ವಾಸದ ಅನುಮತಿ ಇದ್ದರೆ ಅಲ್ಲಿನ ಸಂಸತ್ತಿಗೂ ನಿಲ್ಲಬಹುದು. ನಾವು ಮಾತ್ರ ಅವರಿಗೆ ಆ ಮರ್ಯಾದೆ ಕೊಟ್ಟಿಲ್ಲ.

ಅಮೆರಿಕದಲ್ಲಿ ಹುಟ್ಟಿದ ನನ್ನ ಮೊಮ್ಮಗಳು ಅಲ್ಲಿ ಪ್ರೆಸಿಡೆಂಟ್ ಆಗಬಹುದಾ?

ಅಜ್ಜಿಯರು ಮಾತ್ರ ಕೇಳುವ ಪ್ರಶ್ನೆ ಇದು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿದ್ದರೆ, 35 ವರ್ಷ ತುಂಬಿದ್ದರೆ, 14 ವರ್ಷ ಅಲ್ಲಿ ವಾಸವಿದ್ದರೆ ಧಾರಾಳವಾಗಿ ಆಗಬಹುದಮ್ಮ. ಕಮಲಾ ಹ್ಯಾರಿಸ್ ಅವರ ತಾಯಿ ತಮಿಳುನಾಡು ಮೂಲದವರು, ಕಮಲಾ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. ಉಪಾಧ್ಯಕ್ಷೆ ಆದರು. ನಿಮ್ಮ ಮಗ ಮಾತ್ರ ಆಗುವಂತಿಲ್ಲ, ಆತ ಆಮೇಲೆ ಪ್ರಜೆಯಾದವನು. ಆಸ್ಟ್ರಿಯಾದಲ್ಲಿ ಹುಟ್ಟಿದ ನಟ ಆರ್ನಾಲ್ಡ್ ಶ್ವಾರ್ಜನೆಗರ್ ಕ್ಯಾಲಿಫೋರ್ನಿಯಾದ ಗವರ್ನರ್ ಆದರು, ಅಧ್ಯಕ್ಷ ಸ್ಥಾನಕ್ಕೆ ಕಾಲಿಡಲೂ ಆಗಲಿಲ್ಲ, ಅದೇ ಕಾರಣಕ್ಕೆ.

ಕೆಜಿಎಫ್‌ನ ನಮ್ಮ ಹಳೆಯ ಸ್ನೇಹಿತರ ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರೆ. ಅಲ್ಲಿ ರಾಜಕೀಯಕ್ಕೆ ಹೋಗಲು ಅಡ್ಡಿ ಇದೆಯಾ?

ಚಿನ್ನದ ಗಣಿಯ ಕಾಲದಲ್ಲಿ ಕೆಜಿಎಫ್‌ನಲ್ಲಿದ್ದ ಆಂಗ್ಲೋ ಇಂಡಿಯನ್ ಮನೆತನಗಳಲ್ಲಿ ಎಷ್ಟೋ ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದವು. ಅವರ ಮಕ್ಕಳು ಅಲ್ಲಿ ಚುನಾವಣೆಗೆ ನಿಲ್ಲುವ ಮುಂಚೆ ಅಜ್ಜ ಅಜ್ಜಿಯ ಕಾಗದ ಹುಡುಕಬೇಕು. ತಮಾಷೆಗೆ ಹೇಳುತ್ತಿಲ್ಲ.

ಆಸ್ಟ್ರೇಲಿಯಾ ಎರಡು ಪೌರತ್ವ ಒಪ್ಪುತ್ತದೆ. ಆದರೆ ಸಂಸತ್ತಿಗೆ ಹೋಗುವವರಿಗೆ ಒಪ್ಪುವುದಿಲ್ಲ. ಅಲ್ಲಿನ ಸಂವಿಧಾನದ 44ನೇ ಸೆಕ್ಷನ್ ಹಾಗೆ ಹೇಳುತ್ತದೆ. 2017ರಲ್ಲಿ ಇದು ಸ್ಫೋಟವಾಯಿತು. ಸ್ಕಾಟ್ ಲಡ್ಲಮ್ ಎಂಬ ಸೆನೆಟರ್ ನ್ಯೂಜಿಲೆಂಡಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಬಂದವರು. ಅಲ್ಲಿನ ಪೌರತ್ವ ಇನ್ನೂ ಉಳಿದಿದೆ ಅಂತ ಗೊತ್ತಾಗಿ ರಾಜೀನಾಮೆ ಕೊಟ್ಟರು. ಲಾರಿಸ್ಸಾ ವಾಟರ್ಸ್ ಕೆನಡಾದಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಬಂದವರು, ಅವರೂ ಹೋದರು. ಆಮೇಲೆ ಉಪಪ್ರಧಾನಿ ಬಾರ್ನಬಿ ಜಾಯ್ಸ್ ಸರದಿ. ಈತ ಹುಟ್ಟಿದ್ದೇ ಆಸ್ಟ್ರೇಲಿಯಾದಲ್ಲಿ. ಅಪ್ಪ ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದರಿಂದ ಆ ದೇಶದ ಕಾನೂನು ಮಗನನ್ನೂ ತನ್ನ ಪ್ರಜೆ ಅಂತ ಲೆಕ್ಕ ಹಾಕಿತ್ತು. ಅರ್ಜಿ ಹಾಕಿರಲಿಲ್ಲ, ಪಾಸ್‌ಪೋರ್ಟ್ ತಗೊಂಡಿರಲಿಲ್ಲ. ಆದರೂ ಅಕ್ಟೋಬರ್ 27ರಂದು ಅಲ್ಲಿನ ಹೈಕೋರ್ಟ್ ಏಳು ಜನರ ಪ್ರಕರಣದಲ್ಲಿ ಐದು ಜನರನ್ನು ಅನರ್ಹ ಎಂದಿತು, ಜಾಯ್ಸ್ ಅದರಲ್ಲೊಬ್ಬರು. ನ್ಯೂಜಿಲೆಂಡಿನ ಪೌರತ್ವ ಬಿಟ್ಟು, ಡಿಸೆಂಬರ್‌ನಲ್ಲಿ ಉಪಚುನಾವಣೆ ಗೆದ್ದು ವಾಪಸ್ ಬಂದರು.

ಮೊದಲು ಗೆರೆ ಎಳೆಸಿದ ಮಾತಿಗೆ ಈಗ ಬನ್ನಿ. ನಮ್ಮ ಕಾನೂನಿನಲ್ಲಿ "ತಾನಾಗಿ" ಅಂತ ಇದೆ. ನೀನು ಏನು ಮಾಡಿದೆ, ಎಲ್ಲಿ ಸಹಿ ಹಾಕಿದೆ, ಯಾವ ಪ್ರಮಾಣ ತಗೊಂಡೆ ಅಂತ ನಮ್ಮದು ಕೇಳುತ್ತದೆ. ಆಸ್ಟ್ರೇಲಿಯಾದ್ದು ಇನ್ನೊಂದು ದೇಶದ ಕಾನೂನು ನಿನ್ನನ್ನು ಏನೆಂದು ಕರೆಯುತ್ತದೆ ಅಂತ ಕೇಳುತ್ತದೆ. ಅಮೆರಿಕದ್ದು ಹುಟ್ಟಿದಾಗ ನೀನು ಯಾರಾಗಿದ್ದೆ ಅಂತ. ಮೂರರಲ್ಲಿ ನನಗೆ ನಮ್ಮದೇ ಹೆಚ್ಚು ನ್ಯಾಯ ಅನಿಸುತ್ತದೆ. ಅಪ್ಪ ಎಲ್ಲೋ ಹುಟ್ಟಿದ್ದಕ್ಕೆ ಮಗನ ಕುರ್ಚಿ ಹೋಗುವುದು ಯಾವ ನ್ಯಾಯ?

ನೆರೆಹೊರೆಯಲ್ಲಿ ಹೇಗಿದೆ?

ಶ್ರೀಲಂಕಾದವರು ಬಾಗಿಲು ತೆಗೆದು ಮುಚ್ಚಿ ಆಡಿದ್ದಾರೆ. 2015ರ ತಿದ್ದುಪಡಿಯಲ್ಲಿ ಎರಡು ಪೌರತ್ವದವರಿಗೆ ಸಂಸತ್ತಿನ ಬಾಗಿಲು ಹಾಕಿದರು, 2020ರಲ್ಲಿ ತೆಗೆದರು, 2022ರಲ್ಲಿ ಮತ್ತೆ ಹಾಕಿದರು. ಗೋಟಬಯ ರಾಜಪಕ್ಸ 2019ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಅಮೆರಿಕದ ಪೌರತ್ವ ಬಿಟ್ಟರು. ನೇಪಾಳದ ರವಿ ಲಾಮಿಛಾನೆ ಅಮೆರಿಕದ್ದನ್ನು ಬಿಟ್ಟಿದ್ದರು, ಆದರೆ ನೇಪಾಳದ್ದನ್ನು ಮತ್ತೆ ಕೇಳಿ ಪಡೆದಿರಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಉಪಪ್ರಧಾನಿ ಹುದ್ದೆಯೇ ಹೋಯಿತು. ಒಂದನ್ನು ಬಿಟ್ಟ ಕೂಡಲೇ ಹಳೆಯದು ತಾನೇ ತಾನಾಗಿ ವಾಪಸ್ ಬರುವುದಿಲ್ಲ.

ಅಂದರೆ ಅಮೆರಿಕದ ಪೌರತ್ವ ಬಿಟ್ಟು ಬಂದರೂ ನಮ್ಮ ಹುಡುಗ ತಕ್ಷಣ ಚುನಾವಣೆಗೆ ನಿಲ್ಲಲಾಗದು?

ಆಗದು. ಹಿಂದೆ ಭಾರತದ ಪ್ರಜೆಯಾಗಿದ್ದವನು ಮತ್ತೆ ನೋಂದಣಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕುವ ಮುಂಚಿನ 12 ತಿಂಗಳು ಇಲ್ಲೇ ವಾಸವಿರಬೇಕು. ಈ 12 ತಿಂಗಳು ಹಗುರ ಅಲ್ಲ.

ತೆಲಂಗಾಣದ ವೇಮುಲವಾಡದ ಮಾಜಿ ಶಾಸಕ ಚೆನ್ನಮನೇನಿ ರಮೇಶ್ ಅವರ ಪ್ರಕರಣ ನೋಡಿ. ಜರ್ಮನಿಯ ಪೌರತ್ವ ಪಡೆದಿದ್ದವರು 2009ರಲ್ಲಿ ಭಾರತದ್ದನ್ನು ಮತ್ತೆ ಪಡೆದು ಶಾಸಕರಾದರು. ಆ 12 ತಿಂಗಳ ಅವಧಿಯಲ್ಲಿ ವಿದೇಶಕ್ಕೆ ಹೋಗಿಬಂದದ್ದನ್ನು ಮುಚ್ಚಿಟ್ಟರು ಅಂತ ಸೋತ ಅಭ್ಯರ್ಥಿ ಹಿಡಿದುಕೊಂಡರು. ಕೇಂದ್ರ ಗೃಹ ಸಚಿವಾಲಯ 2017ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಪೌರತ್ವ ರದ್ದು ಮಾಡಿತು. 2024ರ ಡಿಸೆಂಬರ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅವರ ಅರ್ಜಿ ವಜಾ ಮಾಡಿ 30 ಲಕ್ಷ ರೂಪಾಯಿ ಖರ್ಚನ್ನೂ ಹೇರಿತು. ಅಷ್ಟರಲ್ಲಿ ಅವರು ನಾಲ್ಕು ಸಲ ಗೆದ್ದಾಗಿತ್ತು! ಸತ್ಯ ಹೊರಬರಲು ಹದಿನೈದು ವರ್ಷ ಹಿಡಿದದ್ದೂ ಒಂದು ಅನ್ಯಾಯವೇ, ವೋಟು ಹಾಕಿದವರ ಪಾಲಿಗೆ.

ಪೌರತ್ವ ಹೋಗಿದೆಯಾ ಇಲ್ಲವಾ ಅಂತ ತೀರ್ಮಾನಿಸುವವರು ಯಾರು? ನಮ್ಮ ಜಿಲ್ಲಾ ಕೋರ್ಟಾ?

ವಿದೇಶಿ ಪೌರತ್ವ ಪಡೆದನೇ, ಯಾವಾಗ, ಹೇಗೆ ಅನ್ನುವ ತಕರಾರು ಕೇಂದ್ರ ಸರ್ಕಾರದ ಮುಂದೆ ಹೋಗುತ್ತದೆ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿದ್ದರೆ ಅದೇ ಪಕ್ಕಾ ಸಾಕ್ಷಿ ಅಂತ ನಿಯಮ ಇದೆ. ಸುಪ್ರೀಂ ಕೋರ್ಟ್ 1962ರಲ್ಲೇ ಅದನ್ನು ಎತ್ತಿಹಿಡಿದಿದೆ. ಗೆದ್ದ ಸಂಸದರ, ಶಾಸಕರ ಅರ್ಹತೆ ಪ್ರಶ್ನಿಸಬೇಕೆಂದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ. ಗೆದ್ದ ಮೇಲೆ ವಿದೇಶಿ ಪೌರತ್ವ ಪಡೆದರೆ, ಸಂಸದರಾದರೆ ರಾಷ್ಟ್ರಪತಿ, ಶಾಸಕರಾದರೆ ರಾಜ್ಯಪಾಲರು, ಇಬ್ಬರೂ ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ತೀರ್ಮಾನಿಸುತ್ತಾರೆ.

ಅಲ್ಲಿ ತಪ್ಪು ಮಾಡಿದರೆ ಇಲ್ಲಿ ಕೇಸ್ ಹಾಕಬಹುದಾ?

ಭಾರತದ ಪ್ರಜೆ ಪ್ರಪಂಚದ ಯಾವ ಮೂಲೆಯಲ್ಲಿ ಅಪರಾಧ ಮಾಡಿದರೂ ಭಾರತೀಯ ನ್ಯಾಯ ಸಂಹಿತೆ ಅಂಟುತ್ತದೆ. ವಿಚಾರಣೆ ನಡೆಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆತ ಅಮೆರಿಕದ ಪ್ರಜೆಯಾಗಿಬಿಟ್ಟಿದ್ದರೆ, ಅಲ್ಲಿ ಮಾಡಿದ್ದಕ್ಕೆ ಸಾಮಾನ್ಯವಾಗಿ ಅಲ್ಲೇ. ಆದರೆ ರಜೆಗೆ ಬಂದು ನಂದಿಬೆಟ್ಟದ ದಾರಿಯಲ್ಲಿ ಕುಡಿದು ಕಾರು ಗುದ್ದಿದರೆ ಪಾಸ್‌ಪೋರ್ಟ್ ಯಾವ ಬಣ್ಣದ್ದಾದರೂ ಇಲ್ಲಿನ ಪೊಲೀಸರೇ, ಇಲ್ಲಿನ ಕೋರ್ಟೇ. ಅವನ ದೇಶದ ಕಾನ್ಸುಲೇಟಿನವರು ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು. ಬಿಡಿಸಿಕೊಂಡು ಹೋಗಲಾರರು.

ಎರಡು ಪೌರತ್ವ ಒಪ್ಪುವ ದೇಶದವರಿಗೆ ಇನ್ನೊಂದು ಪೇಚು ಇದೆ. ಎರಡರಲ್ಲಿ ಒಂದು ದೇಶದಲ್ಲಿ ಸಿಕ್ಕಿಬಿದ್ದರೆ, ಇನ್ನೊಂದು ದೇಶ ಬಂದು ರಕ್ಷಿಸುವಂತಿಲ್ಲ ಎಂದು 1930ರ ಹೇಗ್ ಒಪ್ಪಂದ ಹೇಳಿತ್ತು. ತೆರಿಗೆಯೂ ಹಾಗೆಯೇ ಬೆನ್ನು ಹತ್ತುತ್ತದೆ. ಬೋರಿಸ್ ಜಾನ್ಸನ್ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದರಿಂದ ಅಮೆರಿಕದ ಪ್ರಜೆಯೂ ಆಗಿದ್ದರು. ಲಂಡನ್ನಿನ ಮನೆ ಮಾರಿದ್ದಕ್ಕೆ ಅಮೆರಿಕ ತೆರಿಗೆ ಕೇಳಿತು. ಕೊಡಲ್ಲ ಅಂತ ಹಾರಾಡಿ, ಕೊನೆಗೆ ಕಟ್ಟಿದರು. 2016ರಲ್ಲಿ ಆ ಪೌರತ್ವ ಬಿಟ್ಟರು, 2019ರಲ್ಲಿ ಬ್ರಿಟನ್ ಪ್ರಧಾನಿ ಆದರು.

ಮಗ ಓಸಿಐ. ನನ್ನ ಎರಡು ಎಕರೆ ದ್ರಾಕ್ಷಿ ತೋಟ ಅವನಿಗೆ ಸೇರುತ್ತದಾ?

ವಾರಸಾಗಿ ಬರುವುದಕ್ಕೆ ತೊಂದರೆ ಇಲ್ಲ, ಪೌತಿ ಖಾತೆ ಆಗುತ್ತದೆ. ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ಸಡಿಲವಾಯಿತಲ್ಲ ಅನ್ನುತ್ತೀರಿ. ಅದು ರಾಜ್ಯದ ಕಾನೂನು. ಓಸಿಐ, ಎನ್‌ಆರ್‌ಐ ಇಬ್ಬರಿಗೂ ಅಡ್ಡ ಇರುವುದು ಕೇಂದ್ರದ ವಿದೇಶಿ ವಿನಿಮಯದ ನಿಯಮ. ಜಮೀನಿನ ವ್ಯಾಜ್ಯ ಎದ್ದರೆ ದಾವೆ ಹಾಕುವುದು ಜಮೀನು ಇರುವ ಕಡೆಯೇ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಅಂತ ಕೇಸು ಅಲ್ಲಿಗೆ ಹೋಗುವುದಿಲ್ಲ.

ಅಲ್ಲಿ ಹುಟ್ಟಿದ ಮಗು ಭಾರತದ ಪ್ರಜೆ ಆಗಬಹುದಾ?

ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಣಿ ಮಾಡಿಸಿ, ಬೇರೆ ಪಾಸ್‌ಪೋರ್ಟ್ ಇಲ್ಲ ಅಂತ ತಂದೆ ತಾಯಿ ಬರೆದುಕೊಟ್ಟರೆ ಆಗಬಹುದು. 18 ತುಂಬಿದ ಆರು ತಿಂಗಳೊಳಗೆ ಇನ್ನೊಂದು ಪೌರತ್ವ ಬಿಡಬೇಕು, ಇಲ್ಲದಿದ್ದರೆ ಭಾರತದ್ದು ಹೋಗುತ್ತದೆ. ನಮ್ಮ ಕಾನೂನು ಎರಡನ್ನು ಒಟ್ಟಿಗೆ ಸಹಿಸಿಕೊಳ್ಳುವ ಅವಧಿ ಇದೊಂದೇ.

ಹಳೆಯ ಭಾರತದ ಪಾಸ್‌ಪೋರ್ಟ್ ಮನೆಯಲ್ಲೇ ಇದೆ. ಇಟ್ಟುಕೊಳ್ಳಲಿ ಬಿಡಿ ಅಂದರೆ?

ನಮ್ಮ ದೊಡ್ಡಪ್ಪನ ಮೊಮ್ಮಗನೊಬ್ಬ ಹಾಗೆ ಬೀರುವಿನಲ್ಲಿಟ್ಟಿದ್ದ, ಅವಧಿ ಇನ್ನೂ ಇದೆ ಅಂತ. ಒಬ್ಬ ಏಜೆಂಟ್ "ಏನೂ ಆಗಲ್ಲ" ಅಂದಿದ್ದನಂತೆ. ಓಸಿಐಗೆ ಅರ್ಜಿ ಹಾಕುವಾಗ, ಹಳೆಯ ಪಾಸ್‌ಪೋರ್ಟ್ ಒಪ್ಪಿಸಿದ್ದಕ್ಕೆ ಕೊಡುವ ಸರೆಂಡರ್ ಸರ್ಟಿಫಿಕೇಟ್ ಕೇಳಿದರು. ದಂಡ ಕಟ್ಟಿ, ಅಲೆದಾಡಿ, ತಂಗಿಯ ಮದುವೆಗೆ ವೀಸಾ ಮೇಲೆ ಬಂದ. ಪೌರತ್ವ ಹೋದ ಮೇಲೆ ಆ ಪುಸ್ತಕ ಬಳಸುವುದು ಅಪರಾಧ, ಒಪ್ಪಿಸಿಬಿಡಿ.

ವೋಟರ್ ಲಿಸ್ಟಿನಿಂದ ಹೆಸರು ತೆಗೆಸುವುದು ಹೇಗೆ?

ಫಾರ್ಮ್ 7. ನಿಮ್ಮ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ ಹತ್ತಿರ ಕೊಟ್ಟರೂ ಆಯಿತು, ಆನ್‌ಲೈನ್‌ನಲ್ಲಿ ಹಾಕಿದರೂ ಆಯಿತು. ಒಂದು ಪ್ರತಿ ಇಟ್ಟುಕೊಳ್ಳಿ.